ಹಬ್ಬುವಾಡದ ಔಷಧಿ ಅಂಗಡಿ

ಭಾನುವಾರದ ಸಂತೆ ಮುಗಿದ ಮೇಲೆ
ಬುಟ್ಟಿ ಬರಿದು ಮಾಡಿಕೊಂಡು ಬರುತ್ತಾಳೆ
ಬುದವಂತಿ ಗೌಡ, ಬೀಪಿ ಗುಳಿಗೆಗೆ.
ಗಾಜಿನ ಕೌಂಟರಿಗೆ ಅವಳ ಮಣಿಸರ ತಾಗಿ
ಟಿಕ್ ಟಿಕ್ ಅನ್ನುವುದೇ ನನಗೆ ಗಡಿಯಾರ:
ಐದೂವರೆ. ಇನ್ನು ಅಂಕೋಲೆಯ ಬಸ್ಸು.

ಊರಿಗೆಲ್ಲ ನಾರುಬೇರು ಕೊಡುವವಳು,
ತನಗೆ ಮಾತ್ರ ನನ್ನ ಕೈಯ ಗುಳಿಗೆ.
ಕೇಳಿದರೆ, "ತಮಾ, ನೆತ್ತರಿನ ಸೊಕ್ಕಿಗೆ
ನನ್ನ ಹತ್ರ ಮದ್ದಿಲ್ಲ. ಇದ್ದರೆ ಕುಡೀತಿದ್ದೆ."

ಅವತ್ತು ಅವಳ ಮುಂದೆ ನಿಂತಿದ್ದ
ಬೈತಖೋಲಿನ ಐಸ್ ಫ್ಯಾಕ್ಟರಿಯ ಹುಡುಗ,
ಕೆಮ್ಮಿ ಕೆಮ್ಮಿ ಮಡಚಿಹೋದವನು.
ಹಸಿರು ಬಾಟಲಿ ತೆಗೆದೆ. ಮುಚ್ಚಳ ಸಡಿಲವಿತ್ತೋ ಏನೋ,
ಘಮ್ಮೆಂದಿತು. ಅವಳ ಮೂಗು ಅರಳಿತು.
"ಓದು ಮಾರಾಯ, ಎಂತೆಂತ ಹಾಕಿದ್ದಾರೆ?"

ಇರುವೆ ಸಾಲಿನ ಅಕ್ಷರ. ಕನ್ನಡಕ ಏರಿಸಿ ಓದಿದೆ:
ಥೈಮ್, ಜೇಷ್ಠಮಧು, ಸಕ್ಕರೆ ಪಾಕ, ಬಣ್ಣ.
"ಥೈಮ್ ಅಂದ್ರೆ?"
ಇಪ್ಪತ್ತೆರಡು ವರ್ಷ ಮಾರಿದ್ದೇನೆ,
ಗಿಡವೋ ಬಳ್ಳಿಯೋ ಕಂಡವನಲ್ಲ.
ಎಲ್ಲೋ ಚಳಿದೇಶದ ಕಲ್ಲುಗುಡ್ಡದಲ್ಲಿ
ನೆಲಕ್ಕಂಟಿ ಬೆಳೆಯುವ ಪುಟ್ಟ ಎಲೆ ಇರಬೇಕು
ಎಂದು ಅಂದಾಜು ಹೊಡೆದೆ.

ಅವಳು ಬುಟ್ಟಿಯ ತಳ ತಡವಿ
ಮಾರದೆ ಉಳಿದ ಒಂದು ಟಿಸಿಲು ತೆಗೆದಳು.
ದಪ್ಪ ಎಲೆ, ಗರಗಸದ ಅಂಚು, ಮೈತುಂಬ ಬಿಳಿ ರೋಮ,
ಹಸುಗೂಸಿನ ಕಿವಿಯ ಹಾಗೆ.
ದೊಡ್ಡಪತ್ರೆ. ನನ್ನ ಆಯಿ ಓಂವ್ಯಾ ಪಾನ ಅನ್ನುತ್ತಿದ್ದಳು.
ಚಿವುಟಿ ನನ್ನ ಮೂಗಿಗೆ ಹಿಡಿದಳು:
ಬಾಟಲಿಯದ್ದೇ ವಾಸನೆ, ಸಕ್ಕರೆ ಕಳೆದರೆ.

"ಕೆಂಡದ ಮೇಲೆ ಬಾಡಿಸು, ಹಿಂಡು,
ಎರಡು ಹನಿ ಜೇನು. ಮೂರು ರಾತ್ರಿ.
ನಾಲ್ಕನೇ ದಿನವೂ ಕೆಮ್ಮಿದರೆ
ನನ್ನ ಹುಡುಕಬೇಡ, ಡಾಕ್ಟರ ಹತ್ರ ಹೋಗು,
ಎದೆಯ ಫೋಟೊ ತೆಗೆಸು."

ಬೇರೆ ಬೇರುಗಳ ಹೆಸರನ್ನು ಅವಳು ಹೇಳಳು.
ಹೇಳಿದರೆ ಮದ್ದು ಹತ್ತುವುದಿಲ್ಲವಂತೆ.
ಮತ್ತೆ ಇದು?
"ಒಡಕು ಬೋಗುಣಿಯಲ್ಲೂ ಹಬ್ಬುವುದಕ್ಕೆ
ಎಂತಾ ಗುಟ್ಟು, ತಮಾ?"

ಹುಡುಗ ಬಾಟಲಿಯನ್ನೂ ಕೊಂಡ, ಎಲೆಯನ್ನೂ ಒಯ್ದ.
ಯಾವುದರಿಂದ ಗುಣವಾಯಿತೋ ಕೇಳಲಿಲ್ಲ.
ಉಳಿದ ಕಡ್ಡಿಯನ್ನು ಇಂಜೆಕ್ಷನ್ನಿನ ಖಾಲಿ ಸೀಸೆಯಲ್ಲಿ
ನೀರು ಹಾಕಿ ಇಟ್ಟೆ, ಬಿಲ್ ಪುಸ್ತಕದ ಪಕ್ಕ.
ಒಂಬತ್ತನೇ ದಿನ ಬೇರು.

ಈಗ ಲಸಿಕೆ ಬಂದ ಥರ್ಮಾಕೋಲ್ ಪೆಟ್ಟಿಗೆಯ ತುಂಬ,
ಅಂಗಡಿಯ ಮೆಟ್ಟಿಲ ಮೇಲೆ.
ಯಾರೂ ಕೇಳಿ ಚಿವುಟುವುದಿಲ್ಲ:
ತಂಬುಳಿಗೆಂದು ಟೀಚರಮ್ಮ,
ಕೂಸಿನ ಶೀತಕ್ಕೆಂದು ಬಲೆ ಹೆಣೆಯುವವನ ಹೆಂಡತಿ,
ಒಮ್ಮೆ ಸಿರಪ್ ಕಂಪನಿಯ ರೆಪ್ ಕೂಡ,
ಟೈ ಸಡಿಲಿಸಿ, ಕತ್ತಿಗೆದ್ದ ಪಿತ್ತಗಂಧೆಗೆ.
ಹಸಿರು ಬಾಟಲಿಗಳ ಮೇಲೆ ತುಸು ಧೂಳು ಕೂತಿದೆ.

ಹೋದ ಭಾನುವಾರ ಬುದವಂತಿ ಒಂದೆಲೆ ಮುರಿದಳು,
ಮೂಸಿದಳು, ಮುಖ ಹಿಂಡಿದಳು.
"ನೀರು ಜಾಸ್ತಿ ಕುಡಿಸಿದ್ದೀಯ. ಘಾಟೇ ಇಲ್ಲ.
ಬಿಸಿಲಿಗೆ ಇಡು. ಇಟ್ಟು ಮರೆತುಬಿಡು."

ಮೂರು ರೂಪಾಯಿ ಬಾಕಿ ಹೇಳಿ,
ಗುಳಿಗೆಯ ಪಟ್ಟಿಯನ್ನು ಸೆರಗಿಗೆ ಗಂಟು ಹಾಕಿ
ಬಸ್ಸಿಗೆ ಓಡಿದಳು.
ಪೆಟ್ಟಿಗೆಯನ್ನು ಬಿಸಿಲಿಗೆ ಜಗ್ಗಿದ್ದೇನೆ.
ಮರೆಯುವುದು ಇನ್ನೂ ಆಗಿಲ್ಲ.