ಉಪ್ಪು ಹಾಕದ್ದು

ಮಡಿಕೇರಿ, ಮಹದೇವಪೇಟೆಯ ಇಳಿಜಾರು.
ಅಡುಗೆಮನೆಯೇ ನಮ್ಮ ಕಾರ್ಖಾನೆ.
ಹಂಸಾಕನ ಅಂಗಡಿಗೆ ವಾರಕ್ಕೆ ಹನ್ನೆರಡು ಕಿಲೋ
ಹೋಂ ಮೇಡ್ ಚಾಕಲೇಟು ಇಲ್ಲಿಂದಲೇ ಹೋಗುವುದು:
ಗೋಡಂಬಿಯದ್ದು, ಒಣದ್ರಾಕ್ಷಿಯದ್ದು,
ನಡುವೆ ಕಾಫಿಬೀಜ ಅಡಗಿಸಿಟ್ಟದ್ದು.
ನಿಜವಾಗಿಯೂ ಮನೆಯಲ್ಲೇ ಮಾಡಿದ್ದಾ ಅಂತ
ಕೇಳುತ್ತಾರಂತೆ ಪ್ರವಾಸಿಗರು.
ಮನೆ ಅಂದರೆ ನಾನು, ಎರಡು ಪಾತ್ರೆ,
ಬಣ್ಣದ ಕಾಗದ ಸುತ್ತುತ್ತ ತೂಕಡಿಸುವ ಕುಶಾಲಪ್ಪ,
ಹೊಸ್ತಿಲಾಚೆ ಮೂಗು ಮಾತ್ರ ಒಳಗಿಟ್ಟು ಮಲಗುವ
ಜೀರಿಗೆ.

ಬಣ್ಣ ನೋಡಿ ಇಟ್ಟ ಹೆಸರು.
ಗಾಳಿಬೀಡಿನ ಬಸ್ಸಿನಿಂದ ಟಿಕೇಟಿಲ್ಲದೆ ಇಳಿದವಳು,
ಕಂಡಕ್ಟರನೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಡಿಸೆಂಬರು. ಕ್ರಿಸ್‌ಮಸ್ ಆರ್ಡರಿನ ರಾತ್ರಿ
ಚಿಲಕ ಹಾಕಲು ಮರೆತೆ.
ಬೆಳಗಿನ ಜಾವಕ್ಕೆ ಮುಕ್ಕಾಲು ತಟ್ಟೆ ಖಾಲಿ,
ಅವಳೆದೆ ನನ್ನ ಅಂಗೈಯಡಿ
ಹೊಲಿಗೆ ಮಿಷನ್ನಿನ ಹಾಗೆ ಓಡುತ್ತಿತ್ತು.
ಡಾಕ್ಟರ್ ಬೋಜಮ್ಮ ನೈಟಿಯ ಮೇಲೇ ಸ್ವೆಟರು ಎಳೆದುಕೊಂಡು ಬಂದರು,
ಸೂಜಿ ಚುಚ್ಚಿದರು, ವಾಂತಿ ಮಾಡಿಸಿದರು.
ಏನು ತಿಂದಳು ಅಂತ ಕೇಳಿದಾಗ
ಹದಿನಾಲ್ಕು ವರ್ಷ ಅನ್ನ ಕೊಟ್ಟ ಆ ವಸ್ತುವಿನ ಹೆಸರು
ನಾಲಿಗೆಗೆ ಬರಲಿಲ್ಲ.
ಖಾಲಿ ತಟ್ಟೆ ತೋರಿಸಿದೆ.

ಬದುಕಿದಳು.

ಚೀಟಿಯ ಹಿಂದೆ ಡಾಕ್ಟರು ಬರೆದರು:
ಚಾಕಲೇಟು, ದ್ರಾಕ್ಷಿ, ಈರುಳ್ಳಿ ಮುಟ್ಟಿಸಬೇಡಿ,
ಸಕ್ಕರೆ ಬೇಡ, ಉಪ್ಪು ಬೇಡ,
ಅಂಗಡಿ ಬಿಸ್ಕತ್ತು ಬೇಡವೇ ಬೇಡ.
ಮತ್ತೇನು ಕೊಡಲಿ ಅಂದೆ.
ಮನೆಯಲ್ಲಿ ಮಾಡಿದ್ದು ಕೊಡಿ, ಅಂದರು,
ನಗಲಿಲ್ಲ.

ಶುಕ್ರವಾರದ ಸಂತೆಯಿಂದ ಒಂದು ಹೋಳು ಸಿಹಿಗುಂಬಳ,
ಎರಡು ಲೋಟ ರಾಗಿಹಿಟ್ಟು,
ಕಡಂಬುಟ್ಟಿಗೆಂದು ಒಡೆಸಿಟ್ಟ ಅಕ್ಕಿತರಿ ಒಂದು ಹಿಡಿ,
ಕೋಳಿಯ ಈಲಿ ಬೇಯಿಸಿ ಅರೆದದ್ದು,
ಒಂದು ನಾಟಿಮೊಟ್ಟೆ. ಅಷ್ಟೇ.
ಕೈ ತನ್ನಷ್ಟಕ್ಕೇ ಉಪ್ಪಿನ ಭರಣಿಯವರೆಗೆ ಹೋಗಿ
ತಪ್ಪು ಮನೆ ಬಾಗಿಲು ತಟ್ಟಿದವರ ಹಾಗೆ
ವಾಪಸು ಬಂತು.

ಹಿಟ್ಟಿನ ಹದ ತಿಳಿಯಲು
ಕಿವಿಯ ತುದಿ ಮುಟ್ಟಿಕೋ ಅನ್ನುತ್ತಿದ್ದಳು ಅಜ್ಜಿ.
ನಾನು ಜೀರಿಗೆಯ ಕಿವಿ ಮುಟ್ಟಿದೆ.
ಇನ್ನೂ ಒಂದು ಚಮಚ ನೀರು ಬೇಕಿತ್ತು.

ಹೃದಯದಾಕಾರದ ಅಚ್ಚುಗಳಿದ್ದವು, ತೆಗೆಯಲಿಲ್ಲ.
ಟಾನಿಕ್ ಬಾಟಲಿಯ ಮುಚ್ಚಳದಲ್ಲಿ ಒತ್ತಿದೆ, ಗುಂಡಗೆ.
ಓವನ್ನೆಲ್ಲಿಂದ ಬರಬೇಕು,
ರಬ್ಬರು ತೆಗೆದ ಹಳೇ ಕುಕ್ಕರು, ತಳಕ್ಕೆ ಮರಳು,
ಸಣ್ಣ ಉರಿ, ಮುಕ್ಕಾಲು ಗಂಟೆ.
ಮೊದಲ ಸಲ ಈ ಮನೆಯಲ್ಲಿ
ಸಿಹಿಯಲ್ಲದ ಪರಿಮಳ:
ಸುಟ್ಟ ರಾಗಿ, ಬಿಸಿ ಕಲ್ಲು,
ಮಂಜಿನಲ್ಲಿ ಒಣಗದ ಉಣ್ಣೆಯ ಹಾಗೆ ಒಂಚೂರು.

ಕುಶಾಲಪ್ಪ ಕೇಳದೆ ಮೂರು ತಿಂದ.
ಉಪ್ಪಿಲ್ಲ ಅಂದ, ನಾಲ್ಕನೆಯದಕ್ಕೆ ಕೈ ಹಾಕುತ್ತ.
ಯಾರಿಗೆಂದು ಹೇಳಿದೆ.
ಅಗಿಯುವುದನ್ನು ಕ್ಷಣ ನಿಲ್ಲಿಸಿ, ಯೋಚಿಸಿ,
ಮುಂದುವರಿಸಿದ.

ಅವಳೋ,
ತುಟಿಯ ತುದಿಯಲ್ಲಿ ತೆಗೆದುಕೊಂಡು, ತಿನ್ನದೆ,
ಹಿತ್ತಿಲ ಸೀಬೆಯ ಬುಡಕ್ಕೆ ಹೋಗಿ ಹೂತಳು.
ಎರಡನೆಯದನ್ನೂ. ಐದನ್ನೂ.
ಮೂಗಿನಿಂದ ಮಣ್ಣು ತಟ್ಟಿ ಸಮ ಮಾಡಿ ಬಂದಳು.
ನನಗೆ ಅವಮಾನವಾಯಿತು, ಸುಳ್ಳೇಕೆ ಹೇಳಲಿ.

ನಾಲ್ಕನೇ ದಿನ ಒಂದೊಂದನ್ನೇ ಅಗೆದು
ಮಣ್ಣಿನ ಸಮೇತ, ಕಣ್ಣು ಮುಚ್ಚಿ,
ಕರಮ್ ಕರಮ್ ಅಂತ ತಿಂದಳು.
ಇಷ್ಟವಾದದ್ದನ್ನೇ ಹೂಳುವುದಂತೆ,
ಡಾಕ್ಟರು ಆಮೇಲೆ ಹೇಳಿದರು.

ಬೋರ್ಡು ಬರೆಸೋಣ ಅನ್ನುತ್ತಾನೆ ಹಂಸಾಕ:
ಕಾರಿನ ಕಿಟಕಿಯಿಂದ ನಾಯಿಗಳೂ ರಾಜಾಸೀಟು ನೋಡಲು ಬರುತ್ತವೆ,
ನೂರು ಗ್ರಾಮಿಗೆ ನೂರೈವತ್ತು, ಕಣ್ಣು ಮುಚ್ಚಿ ಕೊಡುತ್ತಾರೆ.
ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿ ನೋಡಿದೆ,
ಲಾಭ ಬರುತ್ತದೆ.
ಇನ್ನೂ ಏನೂ ಹೇಳಿಲ್ಲ.

ಉಪ್ಪು ತಿಂದ ಮನೆಯ ಋಣ ನಾಯಿ ಮರೆಯದಂತೆ.
ಇದರಲ್ಲಿ ಉಪ್ಪೇ ಇಲ್ಲವಲ್ಲ,
ಅವಳ ಖಾತೆಯಲ್ಲಿ ಏನೂ ಬರೆದಿಲ್ಲ.
ಬಾಕಿಯಿರುವುದು ಒಂದು ಚಿಲಕ,
ಅದು ನನ್ನ ಕಡೆಯದು.

ಸಂಜೆ ಕೆಲಸ ಮುಗಿಸಿ ಕೂತರೆ ಕೈ ಮೂಸಲು ಬರುತ್ತಾಳೆ.
ಮೂರು ಸಲ ಸೋಪು ಹಾಕಿ ತೊಳೆದ ಕೈ.
ಆದರೂ ಹಿಂದಕ್ಕೆ ಎಳೆದುಕೊಳ್ಳುತ್ತೇನೆ.
ಆಮೇಲೆ, ಬೆರಳೊಂದೊಂದನ್ನೇ ನಾನೇ ಮೂಸಿ ನೋಡಿ,
ಕೊಡುತ್ತೇನೆ.