ಉಪ್ಪು ಸಾಲದು

ಮೊದಲು ಚಮಚ ಹಾರಿತು.
ಮೀನಿನ ಸಾರೆಲ್ಲ ನನ್ನ ಮಡಿಲಿಗೆ.
ಅದೆಲಿನು ನಕ್ಕ: "ಕೈಗೆ ವಯಸ್ಸಾಯಿತು, ದ್ಯೊಲಿಂದಾ."
ಎಡಗಡೆಯ ಕೆನ್ನೆ, ಎಡಗೈ ಒಟ್ಟಿಗೇ
ಯಾರೋ ದಾರ ಜಗ್ಗಿದ ಹಾಗೆ ಸೆಟೆದು
ಮೂರು ಎಣಿಸುವುದರೊಳಗೆ ಸಡಿಲಾದವು.

ಅವತ್ತು ಏಳು ಸಲ. ಮುಂದಿನ ವಾರ, ದಿನಕ್ಕೆ ನಲವತ್ತು.
ಕ್ಯಾಲೆಂಡರಿನ ಮೇಲೆ ಗೀಟೆಳೆದು ಪೆನ್ನೇ ಮುಗಿಯಿತು.
ಮನಸ್ಸಿನ ಒತ್ತಡ ಅಂದ ಒಬ್ಬ ಡಾಕ್ಟರು,
ಕುಡಿತ ಬಿಡಿ ಅಂದ ಇನ್ನೊಬ್ಬ,
ಮೂರನೆಯವಳು ರಕ್ತದ ಚೀಟಿ ಓದಿ ಹುಬ್ಬೇರಿಸಿದಳು:
"ಇವರ ಮೈಯಲ್ಲಿ ಉಪ್ಪು ಸಾಲದು."

ಉಪ್ಪು!
ನಲವತ್ತೊಂದು ಬೇಸಿಗೆ ಅವೈರುವಿನ ಆಗರದಲ್ಲಿ
ಬರಿಗಾಲಲ್ಲಿ ನಿಂತು ಉಪ್ಪು ಗೋರಿದವನು,
ಕಿವಿಯ ಸಂದಿಯಲ್ಲೂ ಹರಳು ಹೊತ್ತು ಮನೆಗೆ ಬರುತ್ತಿದ್ದವನು,
ಮುತ್ತಿಟ್ಟರೆ ನನ್ನ ಒಡೆದ ತುಟಿ ಉರಿಯುತ್ತಿತ್ತು.
ಆಸ್ಪತ್ರೆಯ ಕಾರಿಡಾರಿನಲ್ಲಿ ಜೋರಾಗಿ ನಕ್ಕುಬಿಟ್ಟೆ.
ಜನ ತಿರುಗಿ ನೋಡಿದರು.

ಆಮೇಲೆ ರಾತ್ರಿಗಳು.
ಮಂಚದ ಬುಡದಲ್ಲಿ ಕೊಕ್ಕರೆ ನಿಂತಿವೆ, ಓಡಿಸು ಅಂದ.
ಚಳಿಯಿಲ್ಲದೆ ತೋಳಿನ ಕೂದಲು ನಿಮಿರುತ್ತಿತ್ತು.
ಮಗಳನ್ನು ಕರೆಯಲು ಬಾಯಿ ತೆರೆದವನು
ತೆರೆದ ಬಾಯನ್ನೇ ಮರೆತು ಕೂತ.

ಕೊಯಿಂಬ್ರಾದಲ್ಲಿ ಬೆನ್ನುಹುರಿಯ ನೀರು ತೆಗೆದರು,
ಹದಿನೆಂಟು ದಿನ ಕಾಯಿಸಿದರು.
ಎಳೆಯ ಪ್ರಾಯದ ಡಾಕ್ಟರ್ ತೆಲ್ಮು
ಮಿದುಳಿನ ಚಿತ್ರ ಬರೆದು ಬಾಣ ಹಾಕಿದ.
ನನಗೆ ತಿಳಿದದ್ದಿಷ್ಟು: ಕಾಯಬೇಕಾದ ಒಡ್ಡೇ ಎದ್ದು
ಆಗರ ಮೇಯ್ದಿದೆ.
ಲಕ್ಷಕ್ಕೊಬ್ಬರಿಗೂ ಬರುವುದಿಲ್ಲ ಅಂದ,
ಲಾಟರಿ ಹೊಡೆದವರಿಗೆ ಹೇಳುವ ದನಿಯಲ್ಲಿ.

ಸ್ಟೀರಾಯ್ಡ್ ಇಳಿಸಿದ ಐದನೆಯ ದಿನ
ಕೈ ಸುಮ್ಮನಾಯಿತು. ಚಮಚ ಚಮಚವಾಯಿತು.

ಈಗ ಆರು ವರ್ಷ.
ವರ್ಷಕ್ಕೊಮ್ಮೆ ಫಾರಂ ತುಂಬುತ್ತಾರೆ:
ನಡೆಯುತ್ತಾರಾ? ಹೌದು. ಸ್ನಾನ? ಹೌದು.
ಊಟ? ನನ್ನ ಪಾಲಿನದೂ ಸೇರಿ, ಹೌದು.
"ಫಲಿತಾಂಶ ಉತ್ತಮ." ಸಹಿ.

ಮಗಳ ಮದುವೆ ಅವನಿಗೆ ಗೊತ್ತಿಲ್ಲ.
ಫೋಟೊದಲ್ಲಿ ಕುಣಿಯುತ್ತಿರುವ ತನ್ನನ್ನು ನೋಡಿ
"ಒಳ್ಳೆ ಕುಣಿಯುತ್ತಾನೆ ಈ ಮುದುಕ" ಅನ್ನುತ್ತಾನೆ.
ಆ ಹದಿನಾಲ್ಕು ತಿಂಗಳು ನೀರಿಗೆ ಬಿದ್ದ ಉಪ್ಪು:
ಇದೆ, ಅಲ್ಲೇ ಎಲ್ಲೋ ಇದೆ,
ಯಾವ ಬಿಸಿಲಿಗೂ ಹರಳಾಗುವುದಿಲ್ಲ.
ಆಗರದ ದಾರಿ ಸೇತುವೆಯ ಹತ್ತಿರ ತಪ್ಪುತ್ತದೆ.
ಮಧ್ಯಾಹ್ನ ಎರಡಕ್ಕೆಲ್ಲ ದಣಿವು.
ಸಣ್ಣದಕ್ಕೆ ಸಿಡುಕಿ, ಸಿಡುಕಿದ್ದು ಮರೆತು,
ನಿನ್ನ ಮುಖ ಯಾಕೆ ಬಾಡಿದೆ ಎಂದು ಕೇಳುತ್ತಾನೆ
ನಿಜವಾದ ಅಕ್ಕರೆಯಿಂದ.

ಮರುಕಳಿಸಬಹುದು ಅಂದಿದ್ದಾರೆ.
ನೊಣ ಓಡಿಸಲು ಕೈಯೆತ್ತಿದರೂ
ನನ್ನ ಹೊಟ್ಟೆಯೊಳಗೆ ಚಮಚವೊಂದು ಬೀಳುತ್ತದೆ.

ನಿನ್ನೆ ಸಂಜೆ ಸಾರು ನೆಕ್ಕಿ "ಉಪ್ಪು ಸಾಲದು" ಅಂದ.
ಡಬ್ಬಿ ಕೊಟ್ಟೆ. ಹಾಕಿಕೊಂಡ.
ಐದು ನಿಮಿಷಕ್ಕೆ ಮತ್ತೆ ಡಬ್ಬಿ ಕೇಳಿದ.
ಮುಚ್ಚಳ ತೆಗೆಯದೆ ತಟ್ಟೆಯ ಮೇಲೆ ಆಡಿಸಿದೆ.
"ಈಗ ಹದವಾಯಿತು" ಎಂದು ಕಣ್ಣು ಹೊಡೆದ.

ಎಡಗಣ್ಣು.
ಅವನೇ ಹೊಡೆದನೋ, ತಾನಾಗಿ ಹೊಡೆದುಕೊಂಡಿತೋ.
ಪೆನ್ನು ಹಿಡಿದು
ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತಿದ್ದೆ.