ಉಬ್ಬದ ರೊಟ್ಟಿ

ಪ್ಯಾಡಿಹ್ಯಾಮಿನ ನಮ್ಮಜ್ಜಿ ಈನಿಡ್ ಶಾರಕ್
ಗುರುವಾರ ಗುರುವಾರ ಒಂದು ರೊಟ್ಟಿ ಸುಡುತ್ತಿದ್ದಳು.
ಹಿಟ್ಟು, ಹಂದಿಯ ಕೊಬ್ಬು, ಚಿಟಿಕೆ ಉಪ್ಪು,
ಕೈಗೆ ಬಂದಷ್ಟು ಒಣದ್ರಾಕ್ಷಿ.
ಉಬ್ಬುವುದಿಲ್ಲ ಅದು, ಉಬ್ಬಲೂಬಾರದು.
ಚಪ್ಪಟೆ ಮೈ, ಅಲ್ಲಲ್ಲಿ ಕಂದು ಮಚ್ಚೆ.
ಹೆಸರು ಸ್ಯಾಡ್ ಕೇಕ್.

"ಯಾಕಜ್ಜಿ, ಅದಕ್ಕೇನು ದುಃಖ?"
ಆರು ವರ್ಷ ನನಗಾಗ, ಮುಂದಿನ ಎರಡು ಹಲ್ಲಿಲ್ಲ.
"ದುಃಖಗಿಕ್ಕ ಏನಿಲ್ಲ. ಕೂತಿದೆ ಅಷ್ಟೆ.
ಏಳುವ ಮನಸ್ಸಿಲ್ಲ ಅದಕ್ಕೆ"
ಅನ್ನುತ್ತ ತುದಿಯೊಂದು ಮುರಿದು
ನನ್ನ ಬಾಯಿ ಮುಚ್ಚಿಸಿದಳು.

ಅಡುಗೆಮನೆ ಬಾಗಿಲು ಬಡಿದುಕೊಳ್ಳದಂತೆ
ಆನಿಸಿಟ್ಟ ಹಳೆಯ ಇಸ್ತ್ರಿ, ಅದೂ ಸ್ಯಾಡ್.
ಒಳಗೆ ಪೊಳ್ಳಿಲ್ಲ, ಕೆಂಡಕ್ಕೆ ಎಡೆಯಿಲ್ಲ,
ತಳದಿಂದ ತಲೆವರೆಗೆ ಒಂದೇ ಕಬ್ಬಿಣ.
ಅಜ್ಜ ಆರ್ನಲ್ಡ್ ದಿನಕ್ಕೊಮ್ಮೆ ಎಡವಿ
ಅದಕ್ಕೂ ಅದರಪ್ಪನಿಗೂ ಬೈಯುತ್ತಿದ್ದ.
ಹಿತ್ತಲಿನ ಮಣ್ಣು ಗುದ್ದಲಿಗೆ ಅಂಟಿ ಬಿಡದಿದ್ದರೆ
ಮಣ್ಣೂ ಸ್ಯಾಡ್.
ಮನುಷ್ಯರನ್ನು ಬಿಟ್ಟು ಆ ಮನೆಯಲ್ಲಿ
ಎಲ್ಲವನ್ನೂ ಹಾಗೆ ಕರೆಯಬಹುದಿತ್ತು.

ನಮ್ಮಮ್ಮ ವಾಲ್‌ಬುರ್ಗಾ ಬಂದದ್ದು
ಆಗ್ಸ್‌ಬುರ್ಗಿನಿಂದ, ನಾಣ್ಯ ಬದಲಾದ ವರ್ಷ.
ಮಗ್ಗದ ಯಂತ್ರ ಜೋಡಿಸಿ ಬರುತ್ತೇನೆಂದು ಹೋದ ಅಪ್ಪ
ಅವಳನ್ನೂ ಜೊತೆಗೆ ಕರೆತಂದ.
ಮೊದಲ ರಾತ್ರಿಯ ಊಟ. ಕುರಿಮಾಂಸ, ಬಟಾಣಿ,
ಆಲೂಗಡ್ಡೆಯ ಗುಡ್ಡ. ಕರಗಿದಷ್ಟೂ ಬೆಳೆಯುವ ಗುಡ್ಡ.
ಮೂರನೆಯ ಸಲ ಅಜ್ಜಿಯ ಸೌಟು ಬಾಗಿದಾಗ
ಅಮ್ಮ ತಟ್ಟೆಗೆ ಅಂಗೈ ಅಡ್ಡ ಹಿಡಿದು
ತನಗೆ ಬರುವ ಭಾಷೆಯಲ್ಲೇ ಅಂದಳು:
"ಸಟ್. ಇಶ್ ಬಿನ್ ಸಟ್."
ಸಾಕು, ಹೊಟ್ಟೆ ತುಂಬಿತು.

ಅಜ್ಜಿಯ ಕಿವಿಗೆ ಬಿದ್ದದ್ದೇ ಬೇರೆ.
ಸೌಟು ಗಾಳಿಯಲ್ಲೇ ನಿಂತಿತು.
"ಅಯ್ಯೋ ಕೂಸೇ, ಬಂದ ದಿನವೇ?"
ಮೇಜು ಸುತ್ತಿ ಬಂದು, ಏಪ್ರನ್ನಿನ ಹಿಟ್ಟಿನ ಸಮೇತ
ಬಿಗಿಯಾಗಿ ಅಪ್ಪಿಕೊಂಡಳು.
ಉಂಡವರನ್ನು ಈ ಊರಲ್ಲಿ ಹೀಗೆ ಅಪ್ಪಿಕೊಳ್ಳುತ್ತಾರೇನೋ
ಅಂದುಕೊಂಡಳಂತೆ ಅಮ್ಮ.
ತುಂಬಿದ್ದು ಹೊಟ್ಟೆ.
ಆ ಹೆಗಲ ಮೇಲೆ ತಲೆಯಿಟ್ಟ ಮೇಲೆ
ಕಣ್ಣೂ.

ಊರಿನ ಲೈಬ್ರರಿಯಲ್ಲಿ ಎಸ್ ಅಕ್ಷರದ ಸಂಪುಟ ಎತ್ತಲು
ಎರಡು ಕೈ ಬೇಕಿತ್ತು ನನಗೆ, ಹದಿನೈದರಲ್ಲಿ.
ಇತ್ತು ಅಲ್ಲಿ: ಸಾವಿರ ವರ್ಷದ ಕೆಳಗೆ ಈ ಪದ
ಉಂಡು ತೇಗಿದವನ ಪದ.
ಉಂಡವನು ಬೇಗ ಏಳಲಾರ, ಆದ್ದರಿಂದ ಭಾರ.
ಭಾರವಿದ್ದದ್ದು ಅಲುಗದು, ಆದ್ದರಿಂದ ನಂಬಬಹುದು.
ನಂಬಬಹುದಾದವರು ಹಲ್ಲು ಬಿಡುವುದು ಕಡಿಮೆ.
ಅಂಥ ಮುಖವನ್ನು ಬೀದಿಯಾಚೆಯಿಂದ ಕಂಡವರು ಯಾರೋ
ಪಾಪ, ಏನು ಕಷ್ಟವೋ ಅಂದಿರಬೇಕು.
(ನಿಘಂಟು ಇಷ್ಟು ಮಾತಾಡುವುದಿಲ್ಲ.
ಇದ್ದದ್ದಕ್ಕೆ ನಾನು ಸ್ವಲ್ಪ ಬೆಣ್ಣೆ ಹಚ್ಚಿದ್ದೇನೆ.)
ಕಡಲಾಚೆ ಉಳಿದ ದಾಯಾದಿ ಮಾತ್ರ
ಇನ್ನೂ ಊಟದ ಮೇಜು ಬಿಟ್ಟೆದ್ದಿಲ್ಲ.

ಅಜ್ಜ ಹೋದದ್ದು ಫೆಬ್ರವರಿ, ಮಂಜು ಕರಗದ ವಾರ.
ಮಣ್ಣು ಅವತ್ತು ನಿಜಕ್ಕೂ ಸ್ಯಾಡ್, ಗುಂಡಿ ತೋಡಿದವರೇ ಅಂದರು.
ಚರ್ಚಿನ ಹಾಲಿನಲ್ಲಿ ಚಹಾ, ಹ್ಯಾಮಿನ ತುಣುಕು.
ಅಜ್ಜಿ ಒಂದಾದ ಮೇಲೊಂದು ತಿಂದಳು,
ನೆಂಟರು ಮುಖ ಮುಖ ನೋಡಿಕೊಂಡರು.
ಮರುದಿನ ಗುರುವಾರ. ಒಲೆ ಹಚ್ಚಿದಳು.
ಇಬ್ಬರೂ ಎದುರುಬದುರು ಕೂತರು, ನಾನು ಕಿಟಕಿಯ ಹತ್ತಿರ.
ಅಮ್ಮ ಎರಡನೆಯ ತುಂಡು ಸರಿಸುವಾಗ
ಅಜ್ಜಿ ತಟ್ಟೆಗೆ ಅಂಗೈ ಅಡ್ಡ ಹಿಡಿದು
"ಸಟ್" ಅಂದಳು.
ಮೂವತ್ತು ವರ್ಷ ಕೇಳಿಸಿಕೊಂಡ ಪದ,
ನಾಲಿಗೆಗೆ ಬಂದದ್ದು ಅವತ್ತೇ.

ಯಾವುದು ಎಂದು ಅಮ್ಮ ಕೇಳಲಿಲ್ಲ.

ಉಳಿದದ್ದನ್ನು ಅಜ್ಜಿ ಬಟ್ಟೆಯಲ್ಲಿ ಸುತ್ತಿ
ಅಜ್ಜನ ಬುತ್ತಿಡಬ್ಬಿಗೆ ಹಾಕಿದಳು, ಅಭ್ಯಾಸಬಲ.
ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ
ಅದನ್ನು ನಾನೇ ತಿಂದೆ.
ಗಟ್ಟಿಯಿತ್ತು.
ಬರ್ನ್ಲಿ ಬರುವವರೆಗೂ ಅಗಿಯುತ್ತಿದ್ದೆ.